ಎಡಗೈ ಗಂಟು

ಅಕ್ಟೋಬರ್ 2, 1934, ಮಂಗಳವಾರ

ಅಟ್ಟದಿಂದ ಮೊಲದ ಬಲೆಗಳನ್ನು ಇಳಿಸಿದ್ದಾಯಿತು. ಎರಡೂ ನನ್ನ ಕೈಯವು. ಒಂದು ಮೂರು ವರ್ಷದ ಹಿಂದಿನದು, ಇನ್ನೊಂದು ಹೋದ ವರ್ಷದ್ದು. ಇಲಿ ಮುಟ್ಟಿಲ್ಲ, ಓಕ್ ತೊಗಟೆಯ ಬಣ್ಣವೂ ಬಿಟ್ಟಿಲ್ಲ. ಸೈಲಸ್ ಅವನ್ನು ಅಂಗಳದ ಗೋಡೆಯುದ್ದಕ್ಕೂ ಹರವಿ, ಕೈಯಾಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆದ. ನನ್ನ ಗಂಡನಿಗೆ ಬಲೆ ಕೈಗೆ ಬಂತೆಂದರೆ ಬಾಯಿ ಹೋಗುತ್ತದೆ.

"ಎರಡು ಸಾಲಲ್ಲ ಕಣೇ," ಅಂದ ಕೊನೆಗೆ. "ಹ್ಯಾಲೆಟ್ ಸಾಹುಕಾರ್ರು ಈ ಸಲ ಗುಡ್ಡದ ಕೆಳಗಿನ ಗೋಧಿ ಹೊಲದ ಮೊಲ ಹಿಡಿಯೋದನ್ನೂ ನಂಗೇ ಬಿಟ್ಟಿದಾರೆ. ಮೂರು ಬೇಕು. ಮುನ್ನೂರು ಗಜ."

"ಹಾಗಾದ್ರೆ ಮೂರನೇದು ನಾಳೆನೇ ಶುರು ಮಾಡ್ತೀನಿ."

"ನೋಡೋಣ."

ಅವನ 'ನೋಡೋಣ' ಅಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಾನು ಕಾಯಲಿಲ್ಲ, ಮನಸ್ಸಿನಲ್ಲೇ ಬಲೆ ಶುರುಮಾಡಿಬಿಟ್ಟೆ. ಹುರಿ ತೆಳ್ಳನೆಯದೇ ಆಗಬೇಕು, ದಪ್ಪ ಹುರಿ ಒದ್ದೆಯಾದರೆ ಹೆಗಲು ಮುರಿಯುತ್ತದೆ. ಕಂಡಿ, ಅಂದರೆ ಬಲೆಯ ಕಣ್ಣು, ಎರಡೂವರೆ ಇಂಚು. ನೂರು ಗಜದ ಹಗ್ಗಕ್ಕೆ ನೂರೈವತ್ತು ಗಜ ಬಲೆ ಕೂರಿಸಬೇಕು. ಹೆಚ್ಚಿನ ಆ ಐವತ್ತು ಗಜದ ಸಡಿಲದಲ್ಲೇ ಬಲೆಯ ಪ್ರಾಣ ಇರುವುದು. ಮೇಯಲು ಹೋದ ಮೊಲ ಕತ್ತಲಲ್ಲಿ ಬಿಲದ ಕಡೆ ಓಡಿ ಬರುವಾಗ ಆ ಜೋಲಿನೊಳಗೆ ಬಿದ್ದು ಸುತ್ತಿಕೊಳ್ಳುತ್ತದೆ. ಸಡಿಲ ಇಲ್ಲದಿದ್ದರೆ ಗೋಡೆಗೆ ಎಸೆದ ಚೆಂಡಿನ ಹಾಗೆ ಹಿಂದಕ್ಕೆ ಪುಟಿಯುತ್ತದೆ.

ಇಪ್ಪತ್ತೇಳು ವರ್ಷಗಳಿಂದ ಸೈಲಸ್ ಗೇಲ್ ನನ್ನ ಬಲೆಯನ್ನಲ್ಲದೆ ಬೇರೆಯವರದನ್ನು ಹೆಗಲಿಗೇರಿಸಿಲ್ಲ. ಮದುವೆಗೆ ಮುಂಚೆ ಅವನಿಗೂ ಹೆಣೆಯಲು ಕಲಿಸಹೋಗಿದ್ದೆ. ಎಡಚ. ಗಂಟೇನೋ ಗಟ್ಟಿ, ಆದರೆ ಎಲ್ಲರ ಗಂಟೂ ಬಲಕ್ಕೆ ಮಲಗಿದರೆ ಅವನದು ಎಡಕ್ಕೆ ಮಲಗುತ್ತಿತ್ತು. ನಮ್ಮಮ್ಮ ಬೆರಳಲ್ಲಿ ತಡವಿ, "ಇದೇನೇ, ನಿದ್ದೇಲಿ ಮಗ್ಗುಲು ಬದಲಾಯಿಸಿದ ಹಾಗಿದೆ" ಅಂತ ನಕ್ಕಿದ್ದಳು. ಅವಮಾನವಾಗಿರಬೇಕು. ಆಮೇಲೆ ಅವನು ಬಲೆ ಹೆಣೆಯುವ ಸೂಜಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಈ ನೋಟ್‌ಬುಕ್ಕಿನಲ್ಲಿ ಗೆರೆಗಳನ್ನು ತೀರ ತೆಳುವಾಗಿ ಹಾಕಿದ್ದಾರೆ. ಈಗಿನವರಿಗೆ ಶಾಯಿಗೂ ಬರಗಾಲ.

ಅಕ್ಟೋಬರ್ 6, ಶನಿವಾರ

ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದ.

"ಮೂರನೇ ಬಲೆ ಒಲಿವ್ ಸ್ಟಿಕ್‌ಲಂಡ್‌ಗೆ ಹೇಳಿದೀನಿ."

"ಯಾರಿಗೆ?"

"ಅದೇ, ಕೆಳಗಿನ ಓಣಿಗೆ ಬಂದಿದಾಳಲ್ಲ. ಬರ್ಟನ್ ಕಡೆಯವಳು."

"ಕಡಲ ಕಡೆಯವಳು ಅನ್ನು. ಮೀನಿನ ಬಲೆ ಹೆಣೆಯೋಳು. ಮೊಲಕ್ಕೂ ಬಂಗಡೆಗೂ ವ್ಯತ್ಯಾಸ ಗೊತ್ತೇನು ಅವಳಿಗೆ?"

"ಬೇಗ ಹೆಣೀತಾಳೆ. ನವೆಂಬರ್ ಅಮಾವಾಸ್ಯೆಯ ಕತ್ತಲ ವಾರದೊಳಗೆ ಬೇಕು ಥರ್ಜಾ. ನಿಂಗೆ ಮಿಲ್ಲಿನವರ ಬಲೆ ಹೆಣೆಯೋ ಕೆಲಸಾನೂ ಇದೆ."

"ಇಷ್ಟು ವರ್ಷ ಇರಲಿಲ್ವಾ ಮಿಲ್ಲಿನ ಕೆಲಸ?"

ರೊಟ್ಟಿ ಬಾಯಿಗಿಟ್ಟುಕೊಂಡ.

ಮೂವತ್ತೆಂಟರ ವಿಧವೆ. ಕೆಂಪು ಕೂದಲು. ಬೇಗ ಹೆಣೆಯುತ್ತಾಳಂತೆ! ಬೇಗ ಹೆಣೆದದ್ದು ಬೇಗ ಬಿಚ್ಚುತ್ತದೆ. ಆ ಹೆಂಗಸಿನ ಬಲೆ ಇವನ ಹೆಗಲ ಮೇಲೆ, ನಮ್ಮ ಓಣಿಯಲ್ಲೇ, ಎಲ್ಲರೂ ನೋಡುವ ಹಾಗೆ. ಬರೆಯುತ್ತ ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು.

ಅಕ್ಟೋಬರ್ 9, ಮಂಗಳವಾರ

ಗಾಡಿಯ ಪರ್ಸಿ ಬ್ರಿಡ್‌ಪೋರ್ಟಿನ ಮಿಲ್ಲಿನಿಂದ ಹುರಿ ತಂದ. ನಮ್ಮ ಓಣಿಯ ಹೆಂಗಸರಿಗೆಲ್ಲ ಅವನೇ ಹುರಿ ತರುವುದು, ಹೆಣೆದ ಬಲೆ ಒಯ್ಯುವುದು. ಉಳಿದವರಿಗೆ ಮೀನಿನ ಬಲೆಯ ಸಣ್ಣ ಹುರಿ. ನನಗೆ ದಪ್ಪ ಬಿಳಿ ಹುರಿ, ಐದು ಇಂಚಿನ ಕಂಡಿ.

"ಇದೇನೋ ಇದು, ಆನೆ ಹಿಡಿಯೋದಕ್ಕಾ?"

"ಫುಟ್‌ಬಾಲ್ ಗೋಲಿಗೆ, ಮಿಸೆಸ್ ಗೇಲ್. ಚೆಂಡು ದೊಡ್ಡದಲ್ವಾ, ಕಂಡಿ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅಂದ್ರು ಮೇಸ್ತ್ರಿ."

"ನನ್ನ ಕಂಡಿ ಯಾವತ್ತು ಹೆಚ್ಚುಕಮ್ಮಿ ಆಗಿದೆಯೋ?"

ಅವನು ಕುದುರೆಯ ಕಿವಿ ಕೆರೆದ. ಆಮೇಲೆ, "ಪಾದ್ರಿಯಮ್ಮನಿಗೆ ನೀವು ಮೊನ್ನೆ ನಮಸ್ಕಾರ ಹೇಳದೆ ಹೋದ್ರಂತೆ. ಥರ್ಜಾಗೆ ಈಗ ಕೊಂಬು ಬಂದಿದೆ ಅಂತಿದ್ರು," ಅಂದ. ಪಾದ್ರಿಯಮ್ಮ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದರೆ ಅದು ನನ್ನ ತಪ್ಪೇ? ಮುಖವೇ ಇಲ್ಲದವರಿಗೆ ಯಾರು ನಮಸ್ಕಾರ ಹೇಳುತ್ತಾರೆ?

ಮಿಲ್ಲಿನ ಮೇಸ್ತ್ರಿಗೂ ಆ ಕೆಂಪು ಕೂದಲಿನವಳೇ ಏನೋ ಊದಿರಬೇಕು.

ಅಕ್ಟೋಬರ್ 18, ಗುರುವಾರ

ಇವತ್ತು ಅವಳ ಮನೆಯ ಮುಂದೆ ಹೋದೆ. ಕೋಳಿಮೊಟ್ಟೆ ಕೊಡುವ ನೆಪವೂ ಇರಲಿಲ್ಲ, ಸುಮ್ಮನೆ ಹೋದೆ. ಬಾಗಿಲ ಪಕ್ಕದಲ್ಲಿ ಒಣಗಿದ ಹೇಜಲ್ ಕಟ್ಟಿಗೆಯ ಹೊರೆ. ಕಟ್ಟಿದ ರೀತಿ ನೋಡಿದರೇ ಗೊತ್ತು, ಸೈಲಸ್‌ನದು. ನನ್ನ ಒಲೆಗೆ ಹೊಗೆ ಕಾರುವ ಹಸಿ ಕಟ್ಟಿಗೆ, ಅವಳ ಬಾಗಿಲಿಗೆ ಒಣ ಹೇಜಲ್!

ಕಿಟಕಿಯೊಳಗೆ ಒಂದು ಬಿಳಿ ಮುಖ, ಆಡುವ ಎರಡು ಕೈ, ಅಷ್ಟೇ ಕಂಡದ್ದು. ಗಾಜು ತೊಳೆಯುವ ಅಭ್ಯಾಸ ಇಲ್ಲವೆಂದು ತೋರುತ್ತದೆ. ಆದರೆ ಸದ್ದು ಕೇಳಿಸಿತು. ಹುರಿ ಎಳೆದು ಗಂಟು ಬಿಗಿಯುವಾಗ ಬರುವ 'ಟಕ್' ಸದ್ದು. ನಿಂತು ಎಣಿಸಿದೆ. ನಾನು ಹತ್ತು ಗಂಟು ಹಾಕುವಷ್ಟರಲ್ಲಿ ಅವಳು ಹದಿನಾಲ್ಕು ಹಾಕುತ್ತಾಳೆ. ಒಂದೂ ತಪ್ಪಲಿಲ್ಲ.

ಮನೆಗೆ ಬಂದು ಚಹಾವನ್ನು ಬಟ್ಟಲಿನ ಪಕ್ಕಕ್ಕೆ ಸುರಿದೆ. ಮನಸ್ಸು ಕೆಟ್ಟರೆ ಕೈಯೂ ಕೆಡುತ್ತದೆ.

ರಾತ್ರಿ ಊಟದ ಹೊತ್ತಿಗೆ ಕೇಳಿದೆ, "ಕಟ್ಟಿಗೆ ಸಪ್ಲೈ ಯಾವಾಗಿನಿಂದ?"

"ಬಲೆಗೆ ಬದಲು ಕಟ್ಟಿಗೆ ಅಂತ ಮಾತಾಗಿದೆ ಮಾರಾಯ್ತಿ. ಇನ್ನೇನು ಕೊಡ್ಲಿ ಅವಳಿಗೆ?"

"ಕೇಳಿದ್ದೆಲ್ಲಾ ಕೊಡು. ಇಟ್ಟುಕೊಂಡವಳು ಇರೋ ತನಕ, ಕಟ್ಟಿಕೊಂಡವಳು ಕೊನೇ ತನಕ."

ಅವನು ಜೋರಾಗಿ ನಕ್ಕುಬಿಟ್ಟ. ಐವತ್ತಾರರ ಗಂಡಸು, ಮುಂದಿನ ಎರಡು ಹಲ್ಲಿಲ್ಲ, ನಾಯಿಯ ವಾಸನೆ ಬೇರೆ. ತನ್ನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆ ಎಂಬ ಮಾತಿಗೇ ಅವನಿಗೆ ನಗು ಬಂದಿರಬೇಕು. ನನಗೆ ಬರಲಿಲ್ಲ.

ಅಕ್ಟೋಬರ್ 29, ಸೋಮವಾರ

ಬಲೆ ಬಂತು. ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಿಯೂ ಆಗಿದೆ. ಸೈಲಸ್ ಅದನ್ನು ಮೇಜಿನ ಮೇಲಿಟ್ಟು ನಾಯಿಯನ್ನು ಕರೆದುಕೊಂಡು ಹೊರಗೆ ಹೋದ. ಬೇಕೆಂದೇ ಹೋದ.

ತಪ್ಪು ಹುಡುಕಲು ಕೂತೆ. ಒಂದು ಗಂಟೆ ತಡವಿದೆ. ಒಂದು ಕಂಡಿ ದೊಡ್ಡದಿಲ್ಲ, ಒಂದು ಗಂಟು ಜಾರಿಲ್ಲ. ಸ್ಟಿಕ್‌ಲಂಡ್ ಹೆಂಗಸಿನ ಕೈ ಹಾಳಾಗಲಿ, ಇಷ್ಟು ಸಮನಾದ ಬಲೆಯನ್ನು ನಮ್ಮಮ್ಮನ ಕಾಲದ ನಂತರ ನಾನು ಮುಟ್ಟಿಲ್ಲ. ಇದನ್ನು ಇಲ್ಲಿ ಬರೆದರೂ ಬಾಯಲ್ಲಿ ಹೇಳಲಾರೆ.

ಸೈಲಸ್ ವಾಪಸು ಬಂದು ಬಾಗಿಲಲ್ಲೇ ನಿಂತ. "ಹಗ್ಗ ನೀನೇ ಹಾಕ್ಬೇಕು ಕಣೇ. ಅವಳಿಗೆ ಬೆಂಡು ಕಟ್ಟಿದ ಮೀನಿನ ಬಲೆ ಮಾತ್ರ ಗೊತ್ತು. ಮೊಲದ ಬಲೆಗೆ ಸಡಿಲ ಎಷ್ಟು, ಎಲ್ಲಿ ಅನ್ನೋದು ಈ ಸೀಮೇಲಿ ನಿನ್ನಷ್ಟು ಯಾರಿಗೆ ಗೊತ್ತು?"

ಬೆಣ್ಣೆ ಹಚ್ಚುತ್ತಿದ್ದಾನೆ. ಮದುಮಗಳು ಅವಳು, ಮದುವೆಯ ಉಡುಪು ಹೊಲಿಯುವ ದರ್ಜಿ ನಾನು.

ನವೆಂಬರ್ 1, ಗುರುವಾರ

ಹಗ್ಗ ಹಾಕಿದೆ. ಮೇಲ್ಹಗ್ಗ, ಕೆಳಹಗ್ಗ ಎರಡನ್ನೂ ಅಂಚಿನ ಕಂಡಿಗಳಲ್ಲಿ ಪೋಣಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಏನು ಮಾಡಿದೆ ಎಂದು ಬರೆಯುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ.

ಸಡಿಲವನ್ನೆಲ್ಲ ಎರಡು ತುದಿಗಳಿಗೆ ಸರಿಸಿದೆ. ಅದು ಮತ್ತೆ ಮಧ್ಯಕ್ಕೆ ಹರಿಯದಂತೆ ಅಲ್ಲಲ್ಲಿ ಬಲೆಯನ್ನು ಹಗ್ಗಕ್ಕೆ ಸಣ್ಣ ದಾರದಿಂದ ಕಟ್ಟಿದೆ. ಒಟ್ಟು ಹದಿನಾರು ಕಟ್ಟು. ಉದ್ದ ನೂರೇ ಗಜ, ಗೂಟಗಳೂ ಅಷ್ಟೇ ಬೇಕು, ಹೆಗಲ ಮೇಲೆ ತೂಕವೂ ಅಷ್ಟೇ. ಆದರೆ ನಡುವಿನ ಅರವತ್ತು ಗಜ ಒಣಹಾಕಿದ ಬಟ್ಟೆಯ ಹಾಗೆ ಬಿಗಿ. ದಾರದ ತುದಿಗಳನ್ನು ಹಲ್ಲಿನಲ್ಲೇ ಕಚ್ಚಿ ತುಂಡರಿಸಿದೆ, ಯಾವಾಗಲೂ ಹಾಗೆಯೇ. ಅದಕ್ಕೇ ಸೈಲಸ್ ಮದುವೆಯಾದ ಹೊಸತರಲ್ಲಿ ನನ್ನನ್ನು ಇಲಿಮರಿ ಎನ್ನುತ್ತಿದ್ದ.

ಮೊಲ ಪುಟಿಯಲಿ. ಬೇಗ ಹೆಣೆದ ಬಲೆಯ ಬಣ್ಣ ಊರಿಗೆಲ್ಲ ತಿಳಿಯಲಿ.

ನವೆಂಬರ್ 4, ಭಾನುವಾರ

ನಿನ್ನೆ ಗಾಳಿ ಚೆನ್ನಾಗಿತ್ತು, ಕತ್ತಲೂ ಚೆನ್ನಾಗಿತ್ತು. ಸೈಲಸ್ ಗುಡ್ಡದ ಮುಳ್ಳುಪೊದೆಗಳಿಗೂ ಗೋಧಿಗೂ ನಡುವೆ ಮೂರು ಬಲೆಗಳನ್ನೂ ಹಾಕಿದ್ದಾನೆ. ಹೆಚ್ಚು ಮೊಲ ಓಡಾಡುವ ನಟ್ಟನಡುವೆ ಅವಳದು, ಅಕ್ಕಪಕ್ಕ ನನ್ನ ಹಳೆಯವು.

"ಎಷ್ಟು?" ಬೆಳಿಗ್ಗೆ ಕೇಳಿದೆ.

"ಐದು."

"ಯಾವುದ್ರಲ್ಲಿ?"

"ಐದೂ ನಿನ್ನ ಬಲೆಗಳಲ್ಲೇ."

ಐದೂ ನನ್ನವುಗಳಲ್ಲಿ! ಅವಳದರಲ್ಲಿ ಸೊನ್ನೆ! ಚರ್ಚಿನಲ್ಲಿ ಇವತ್ತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಮೊಲದ ಮಾಂಸಕ್ಕೆ ಈರುಳ್ಳಿ ಹಾಕಿ ಕಡುಬು ಮಾಡಿದೆ, ಎರಡು ಸಲ ಬಡಿಸಿಕೊಂಡು ತಿಂದೆ.

ನವೆಂಬರ್ 8, ಗುರುವಾರ

ನಾಲ್ಕು ರಾತ್ರಿಗೆ ಒಟ್ಟು ಹದಿನೇಳು. ಅಷ್ಟೂ ನನ್ನವುಗಳಲ್ಲೇ. ಇಂಥ ಕತ್ತಲ ವಾರದಲ್ಲಿ ಒಂದೇ ರಾತ್ರಿಗೆ ಅಷ್ಟು ಬೀಳಬೇಕಿತ್ತು. ಮಧ್ಯಾಹ್ನ ಹ್ಯಾಲೆಟ್ ಸಾಹುಕಾರರು ಕುದುರೆಯಿಂದ ಇಳಿಯದೆ ಅಂಗಳದಲ್ಲೇ ನಿಂತು ಮಾತಾಡಿದರು.

"ಏನಪ್ಪಾ ಸೈಲಸ್, ಹೊಲ ಹೋಗಿ ನೋಡಿದ್ಯಾ? ಪೊದೆ ಪಕ್ಕದಲ್ಲಿ ಎರಡು ಎಕರೆ ಬೋಳಾಗಿದೆ. ನನ್ನ ಗೋಧಿ ತಿಂದು ನಿನ್ನ ಮೊಲ ಕೊಬ್ಬುತ್ತಿವೆ."

"ಗೊತ್ತು ಸ್ವಾಮಿ."

"ಡಿಸೆಂಬರ್ ಹತ್ತು. ಅಷ್ಟರೊಳಗೆ ಕಡಿಮೆ ಆಗಿಲ್ಲ ಅಂದ್ರೆ ಬೋನಿನವರನ್ನ ಕರೆಸ್ತೀನಿ. ನಂಗೂ ಇಷ್ಟ ಇಲ್ಲ. ಆದ್ರೆ ಗೋಧಿ ಬೇಕಲ್ಲ."

ಬೋನು ಎಂದರೆ ಹಲ್ಲಿರುವ ಕಬ್ಬಿಣದ ಬೋನು. ನಮ್ಮ ಹಳೆಯ ನಾಯಿ ಬೆಸ್ ಅದರಲ್ಲಿ ಮುಂಗಾಲು ಸಿಕ್ಕಿಸಿಕೊಂಡು ಒಂದು ಇಡೀ ದಿನ ಒದ್ದಾಡಿತ್ತು. ಅವತ್ತು ಅದನ್ನು ಎತ್ತಿಕೊಂಡು ಬಂದ ಸೈಲಸ್‌ನ ಮುಖ ನನಗೆ ಈಗಲೂ ನೆನಪಿದೆ. ಗುಡ್ಡಕ್ಕೆ ಬೋನು ಬಂದ ದಿನ ಅವನು ಗುಡ್ಡ ಹತ್ತುವುದನ್ನು ಬಿಡುತ್ತಾನೆ. ಆಮೇಲೆ ಅವನು ಏನಾಗಿರುತ್ತಾನೆ, ನನಗೆ ಗೊತ್ತಿಲ್ಲ.

"ಆ ಹೊಸ ಬಲೇಲಿ ಏನಾದ್ರೂ ಐಬಾ?" ಎಂದು ಸಾಹುಕಾರರು ಕೇಳಿದರು.

ನಾನು ಕೋಳಿಗಳ ಕಡೆ ತಿರುಗಿ ಕಾಳು ಎರಚತೊಡಗಿದೆ.

"ಬಲೆ ಚೆನ್ನಾಗಿದೆ ಸ್ವಾಮಿ," ಅಂದ ಸೈಲಸ್. "ತಪ್ಪು ನಂದು."

ಅವಳನ್ನು ಹೇಗೆ ಕಾಯುತ್ತಾನೆ ನೋಡಿ! ತನ್ನ ಮೇಲೆ ಹಾಕಿಕೊಂಡ, ಅವಳ ಹೆಸರಿಗೆ ಮಸಿ ಹತ್ತಬಾರದು. ನನಗಾಗಿ ಯಾವತ್ತಾದರೂ ಹೀಗೆ ಸುಳ್ಳು ಹೇಳಿದ್ದಾನೆಯೇ?

ನವೆಂಬರ್ 10, ಶನಿವಾರ

ಅವಳೇ ಬಂದಳು, ಸೇಬಿನ ಕೇಕು ಹಿಡಿದುಕೊಂಡು. ಮಾತಾಡುವ ತನಕ ಯಾರೆಂದು ಗೊತ್ತಾಗಲಿಲ್ಲ, ಬಾಗಿಲಲ್ಲಿ ಬೆಳಕಿಗೆ ಅಡ್ಡ ನಿಂತಿದ್ದಳು.

"ಮಿಸೆಸ್ ಗೇಲ್, ನನ್ನ ಬಲೇಲಿ ಒಂದೂ ಬೀಳ್ತಿಲ್ವಂತೆ. ಪರ್ಸಿ ಹೇಳ್ದ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ತಪ್ಪೆಲ್ಲಿ ಅಂತ ತೋರಿಸ್ತೀರಾ? ಬಿಚ್ಚಿ ಮತ್ತೆ ಹೆಣೆದು ಕೊಡ್ತೀನಿ. ಕಟ್ಟಿಗೆ ವಾಪಸ್ ತಗೊಳ್ಳಿ."

ತಪ್ಪೆಲ್ಲಿ ಅಂತ ತೋರಿಸಬೇಕಂತೆ. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ, ಆದರೆ ಯಾರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ನೀನು ಹಾಗೆ ಅಂತಿಲ್ಲ, ಅದು ಸಂತೋಷ," ಅಂದೆ.

ಅವಳು ಕೇಕು ಇಟ್ಟು ಹೋದಳು. ಮುಟ್ಟಬಾರದು ಅಂದುಕೊಂಡಿದ್ದೆ. ಚೆನ್ನಾಗಿದೆ, ದಾಲ್ಚಿನ್ನಿ ಸ್ವಲ್ಪ ಹೆಚ್ಚು.

ನವೆಂಬರ್ 14, ಬುಧವಾರ

ಒಂದು ಯೋಚನೆ ಬಂದಿದೆ. ಸೈಲಸ್‌ಗೆ ತಿಳಿಯದಂತೆ ನಾನೇ ಒಂದು ಬಲೆ ಹೆಣೆದುಬಿಡುವುದು. ಡಿಸೆಂಬರ್ ಕತ್ತಲ ವಾರಕ್ಕೆ ಅದನ್ನು ನಡುವೆ ಹಾಕಿದರೆ ಸಾಹುಕಾರರ ಹೊಲವೂ ಉಳಿಯುತ್ತದೆ, ಅವಳ ಬಲೆ ಅಟ್ಟ ಸೇರುತ್ತದೆ, ನಾನು ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಹುರಿ ತೆಗೆದು ಕಿಟಕಿಯ ಬಳಿ ಕೂತಿದ್ದೇನೆ.

ನವೆಂಬರ್ 15

ಹುರಿ ಸರಿಯಿಲ್ಲ. ಕೂದಲು ಕೂದಲು. ನಾಲ್ಕು ಗಜ ಹೆಣೆದು ಎಳೆದು ನೋಡಿದರೆ ಗಂಟುಗಳು ಸರಸರ ಜಾರಿದವು. ಬಿಚ್ಚಿದೆ.

ದೀಪದ ಗಾಜು ಉಜ್ಜಿದೆ. ಬತ್ತಿ ಕತ್ತರಿಸಿದೆ. ಎರಡು ದೀಪ ಇಟ್ಟುಕೊಂಡೆ. ಮತ್ತೆ ಜಾರಿತು.

ನವೆಂಬರ್ 16, ಶುಕ್ರವಾರ

ನನ್ನ ಹಳೆಯ ಬಲೆಯಲ್ಲಿ ಐದು, ಏಳು ಬೀಳುತ್ತಿರುವುದು ಸುಳ್ಳೇ? ಆ ಹುರಿಯನ್ನು ಎಲ್ಲಿಂದ ತಂದಿದ್ದೆ, ಗಂಟು ಎಷ್ಟು ಬಿಗಿದಿದ್ದೆ ನೋಡೋಣವೆಂದು, ಸೈಲಸ್ ಗೂಟ ಕಡಿಯಲು ಹೋದ ಮೇಲೆ ಹೋದ ವರ್ಷದ ಬಲೆಯನ್ನು ಮಡಿಲಿಗೆ ಹಾಕಿಕೊಂಡು ಕೂತೆ. ದೀಪ ಹಚ್ಚಲಿಲ್ಲ, ದೀಪದ ಮೇಲೆ ಬೇಸರ ಬಂದಿತ್ತು. ಬೆರಳಿನಲ್ಲೇ ನೋಡುತ್ತ ಹೋದೆ.

ಬಲಕ್ಕೆ, ಬಲಕ್ಕೆ, ಬಲಕ್ಕೆ. ಆಮೇಲೆ ಒಂದು ಗಂಟು ಎಡಕ್ಕೆ.

ತಪ್ಪಿರಬೇಕು ಎಂದು ಮತ್ತೆ ತಡವಿದೆ. ಎಡಕ್ಕೇ ಮಲಗಿತ್ತು. ಒಂದು ಗೇಣು ಆಚೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಆಮೇಲೆ ಒಂದು ಕಡೆ ಅಂಗೈಯಗಲಕ್ಕೂ ಅವೇ. ಹುರಿ ಬೇರೆ, ನನ್ನದಲ್ಲ. ಮೊದಲ ಹತ್ತು ಗಜದಲ್ಲಿ ಅರವತ್ತೆರಡು ಎಣಿಸಿದೆ. ಮುಂದೆ ಎಣಿಸಲಿಲ್ಲ.

ಮೂರು ವರ್ಷದ ಹಿಂದಿನ ಬಲೆಯನ್ನೂ ತಂದು ನೋಡಿದೆ. ಅದರಲ್ಲಿ ಅಲ್ಲೊಂದು ಇಲ್ಲೊಂದು.

ಇಲಿ ಕಡಿದ ತೂತಿಗೆ ತೇಪೆ ಹಾಕಿದ ಗಂಟುಗಳಲ್ಲ ಅವು. ಎಲ್ಲೆಲ್ಲಿ ನನ್ನ ಗಂಟು ಜಾರಿದೆಯೋ, ಎಲ್ಲೆಲ್ಲಿ ನಾನು ಒಂದು ಕಂಡಿ ಬಿಟ್ಟು ಮುಂದೆ ಹೋಗಿದ್ದೇನೋ, ಅಲ್ಲಲ್ಲೇ ಕೂತಿವೆ. ಈ ಬಲೆಗಳಲ್ಲಿ ಬಿದ್ದ ಮೊಲಗಳನ್ನು ಹಿಡಿದದ್ದು ಯಾರ ಕೈ? ಚರ್ಚಿನಲ್ಲಿ ನಾನು ಅಷ್ಟು ಗಟ್ಟಿಯಾಗಿ ಹಾಡಿದ್ದು ಯಾರ ಗಂಟಿಗಾಗಿ?

ನವೆಂಬರ್ 17

ನನಗೆ ಕಣ್ಣು ಕಾಣುತ್ತಿಲ್ಲ.

ನವೆಂಬರ್ 19, ಸೋಮವಾರ

ಈಗ ಬೆಳದಿಂಗಳು, ಬಲೆ ಹಾಕುವ ಹಾಗಿಲ್ಲ. ಸೈಲಸ್ ಮನೆಯಲ್ಲೇ ಇದ್ದ, ಒಲೆಯ ಮುಂದೆ ಕೂತು ಹೇಜಲ್ ಗೂಟಗಳ ಮೊನೆ ಕೆತ್ತುತ್ತಿದ್ದ. ಅವನ ಎದುರಿಗೇ ಒಲಿವ್‌ನ ಬಲೆಯನ್ನು ಎಳೆದುಕೊಂಡು ಕೂತು, ಮೊದಲ ಕಟ್ಟನ್ನು ಹುಡುಕಿ ಹಲ್ಲಿನಿಂದ ಕಚ್ಚಿ ಕಿತ್ತೆ. ಎರಡನೆಯದನ್ನೂ ಕಿತ್ತೆ. ಚಾಕುವಿನ ಸದ್ದು ನಿಂತಿತು.

"ಇದರಲ್ಲಿ ಹದಿನಾರು ಕಟ್ಟು ಹಾಕಿದೀನಿ," ಅಂದೆ. "ಸಡಿಲ ಮಧ್ಯಕ್ಕೆ ಬರದ ಹಾಗೆ. ಅದಕ್ಕೇ ಮೊಲ ಬೀಳ್ತಿರಲಿಲ್ಲ. ತಪ್ಪು ನಿಂದಲ್ಲ, ಅವಳದ್ದೂ ಅಲ್ಲ."

"ಗೊತ್ತು."

"ಏನು ಗೊತ್ತು?"

"ಮೊದಲನೇ ರಾತ್ರಿನೇ ಗೊತ್ತಾಯ್ತು. ಬಲೆ ಕೊಡವಿದ್ರೆ ಜೋಲು ಬರಲಿಲ್ಲ. ಕೈ ಹಾಕಿ ನೋಡಿದೆ. ದಾರದ ತುದಿಯೆಲ್ಲ ಇಲಿಮರಿ ಕಚ್ಚಿದ ಹಾಗಿತ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮತ್ತೆ ಬಿಚ್ಚಬಾರದಿತ್ತಾ ಪುಣ್ಯಾತ್ಮ! ಸಾಹುಕಾರ್ರ ಕೈಲಿ ಅನ್ನಿಸಿಕೊಂಡೆ, ಹೊಲ ಹೋಗ್ತಿದೆ, ಬೋನು ಬರೋದ್ರಲ್ಲಿದೆ!"

"ನಾನು ಬಿಚ್ಚಿದ್ರೆ ನಿಂಗೆ ಗೊತ್ತಾಗ್ತಿತ್ತು. ಆಮೇಲೆ ನೀನು ಮುಖ ಎತ್ತಿ ಓಡಾಡ್ತಿರಲಿಲ್ಲ. ನೀನೇ ಬಿಚ್ತೀಯ ಅಂತ ಕಾದೆ." ಗೂಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ಎರಡು ಚಳಿಗಾಲ ನಾನು ನಿಂಗೆ ಒಂದು ವಿಷಯ ಹೇಳದೆ ಇದ್ದೆ. ನೀನು ಎರಡು ವಾರ ಹೇಳದೆ ಇದ್ದೆ. ಸರಿಹೋಯ್ತು ಅಂದ್ಕೊಂಡೆ."

"ಅರವತ್ತೆರಡು," ಅಂದೆ. "ಹತ್ತೇ ಗಜಕ್ಕೆ."

ಅವನ ಕೈಯಿಂದ ಗೂಟ ಕೆಳಗೆ ಬಿತ್ತು. ಒಲೆಯ ಕಡೆ ಮುಖ ತಿರುಗಿಸಿದೆ. ನಾನು ನೋಡಿದ್ದು ಬರೀ ಕೆಂಪು.

"ಎಲ್ಲಿ ಕೂತು ಹಾಕ್ತಿದ್ದೆ ಆ ಗಂಟು?" ಅಂದೆ.

"ಸಾಹುಕಾರ್ರ ಕುರಿ ಕೊಟ್ಟಿಗೇಲಿ. ಈ ಸಲ ಇನ್ನೂ ನೂರು ಗಜ ಸರಿಮಾಡೋದು ಅಂದ್ರೆ ನನ್ನ ಕೈಲಾಗ್ತಿರಲಿಲ್ಲ ಥರ್ಜಾ. ಅದಕ್ಕೇ ಅವಳ ಹತ್ರ ಹೋದೆ. ಬೇಗ ಹೆಣೀತಾಳೆ ಅಂತಲ್ಲ."

"ಬೇಗಾನೂ ಹೆಣೀತಾಳೆ," ಅಂದೆ. ಅಳು ಬಂತು. ಚೆನ್ನಾಗಿ ಅತ್ತೆ, ಅವನು ಬಂದು ಪಕ್ಕದಲ್ಲಿ ಕೂತ, ನಾಯಿಯೂ ಬಂದು ಕೂತಿತು. ಆಮೇಲೆ ಉಳಿದ ಹದಿನಾಲ್ಕು ಕಟ್ಟುಗಳನ್ನು ನಾನೇ ಕಚ್ಚಿ ಕಿತ್ತೆ. ಅವನು ಚಾಕು ಕೊಡಲು ಬಂದ, ಬೇಡವೆಂದೆ.

ನವೆಂಬರ್ 27, ಮಂಗಳವಾರ

ಹಗ್ಗವನ್ನು ಹೊಸದಾಗಿ ಹಾಕಿದೆ. ಇದಕ್ಕೆ ಬೆಳಕು ಬೇಕಿಲ್ಲ. ಒಂದು ಗಜ ಹಗ್ಗ, ಒಂದೂವರೆ ಗಜ ಬಲೆ, ಒಂದು ಗುರುತು. ಮೂಗಿನಿಂದ ಚಾಚಿದ ಬೆರಳಿನ ತನಕದ ಅಳತೆಯೂ ಹಾಗೇ ಇದೆ.

ಒಲಿವ್‌ಗೆ ವಿಷಯ ಹೇಳಲು ನಾನೇ ಹೋದೆ. ಬಾಗಿಲು ತೆರೆದವಳಿಗೆ ನಿಂತಲ್ಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ವಾಪಸು ಬಂದುಬಿಡುತ್ತಿದ್ದೆ. ಅವಳು ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡಳು. ಮುಖ ಹೇಗಿತ್ತೋ, ಕಾಣದ್ದೇ ವಾಸಿ.

"ಹದಿನೆಂಟು ದಿನ ನಿದ್ದೆ ಮಾಡಿಲ್ಲ ನಾನು," ಅಂದಳು.

"ಗೊತ್ತು."

"ನಿಮ್ಮನ್ನ ಕ್ಷಮಿಸ್ತೀನಿ ಅಂತ ಈಗಲೇ ಹೇಳಲ್ಲ."

"ಹೇಳ್ಬೇಡ. ನಾನಾಗಿದ್ರೆ ಹೇಳ್ತಿರಲಿಲ್ಲ."

ಆಗ ಅವಳಿಗೆ ನಗು ಬಂತೇನೋ, ಮೂಗಿನಲ್ಲಿ ಸದ್ದಾಯಿತು. "ಒಳಗೆ ಬನ್ನಿ, ಚಳಿ," ಅಂದಳು. ಒಳಗೆ ಹೋಗಿ ಕೂತೆ. ಆ ಒಣ ಹೇಜಲ್ ಚೆನ್ನಾಗಿ ಉರಿಯುತ್ತದೆ.

ಡಿಸೆಂಬರ್ 5, ಬುಧವಾರ

ಗಾಳಿ ಬೆಳಿಗ್ಗೆಯಿಂದಲೇ ಎದ್ದಿತ್ತು. ಐದು ಗಂಟೆಗೆಲ್ಲ ಕತ್ತಲು. ಸೈಲಸ್ ಬಲೆ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು, "ಕೋಟು ಹಾಕ್ಕೋ," ಅಂದ.

"ನಾನಾ?"

"ಹಗ್ಗ ಹಿಡಿಯೋಕೆ ಒಬ್ಬರು ಬೇಕು."

ಇಪ್ಪತ್ತೇಳು ವರ್ಷ ಬಲೆ ಕೊಟ್ಟು ಕಳಿಸಿದ್ದೇನೆ, ಬಲೆಯ ಜೊತೆ ಹೋದದ್ದು ಇದೇ ಮೊದಲು. ಗುಡ್ಡದ ಬುಡದಲ್ಲಿ ಅವನು ಐದೈದು ಹೆಜ್ಜೆಗೆ ಒಂದೊಂದು ಗೂಟ ಒತ್ತುತ್ತ ಹೋದ, ನಾನು ಹಿಂದೆ ಬಲೆ ಬಿಡುತ್ತ ಹೋದೆ. ಮುಂದೆ ಹೋಗುವ ಅವನು ಎರಡು ಸಲ ಎಡವಿದ. ನಾನು ಎಡವಲಿಲ್ಲ, ನನಗೆ ಈಗ ಅಭ್ಯಾಸ. ನಡುವಿನ ಬಲೆಯ ತುದಿಯಲ್ಲಿ ನನ್ನನ್ನು ಕೂರಿಸಿ, ಮೇಲ್ಹಗ್ಗವನ್ನು ಬೆರಳಿಗೆ ಕೊಟ್ಟು, ನಾಯಿಯನ್ನು ಹೊಲದ ಆಚೆಗೆ ಕಳಿಸಿದ.

ಮೊದಲು ಏನೂ ಇಲ್ಲ. ಬರೀ ಗಾಳಿ. ಆಮೇಲೆ ಹಗ್ಗ ಜಗ್ಗಿತು.

"ಒಂದು," ಅಂದೆ. "ನಾಲ್ಕನೇ ಗೂಟದ ಆಚೆ."

ಅವನು ಹೋದ, ಕುತ್ತಿಗೆ ಮುರಿದು ಬಿಡಿಸಿಕೊಂಡು ಬಂದ. ಅಷ್ಟರಲ್ಲಿ ಮತ್ತೆರಡು. ಹತ್ತಿರದ್ದು ಗಟ್ಟಿಯಾಗಿ ಹೊಡೆಯುತ್ತದೆ, ದೂರದ್ದು ನಡುಗುತ್ತ ಬರುತ್ತದೆ. "ಹನ್ನೊಂದನೇ ಗೂಟ. ಅಲ್ಲಲ್ಲ, ಹನ್ನೆರಡು." "ಹೇಗೆ ಹೇಳ್ತೀಯೇ?" ಅಂದ ಏದುಸಿರು ಬಿಡುತ್ತ. ಹೇಗೆ ಹೇಳದಿರಲಿ? ಹಗ್ಗ ಹಾಕಿದವಳು ನಾನು. ಅದರ ಮಾತು ನನಗಲ್ಲದೆ ಯಾರಿಗೆ ತಿಳಿಯಬೇಕು?

ನಡುವಿನ ಬಲೆಯೊಂದರಲ್ಲೇ ಇಪ್ಪತ್ತಮೂರು. ಒಂದೂ ಪುಟಿಯಲಿಲ್ಲ, ಒಂದು ಗಂಟೂ ಜಾರಲಿಲ್ಲ.

ಬರುವ ದಾರಿಯಲ್ಲಿ ಮೊಲದ ಹೊರೆ ಹೊತ್ತ ಅವನು ಮುಂದೆ, ಬಲೆ ಹೊತ್ತ ನಾನು ಹಿಂದೆ. ಅವಳ ಬಲೆ ನನ್ನ ಹೆಗಲ ಮೇಲೆ. ಓಣಿಯಲ್ಲಿ ಯಾರಾದರೂ ನೋಡಿದ್ದರೆ ನೋಡಿಕೊಳ್ಳಲಿ.

ಡಿಸೆಂಬರ್ 10, ಸೋಮವಾರ

ಹ್ಯಾಲೆಟ್ ಸಾಹುಕಾರರು ಇವತ್ತು ಕುದುರೆಯಿಂದ ಇಳಿದು ಮಾತಾಡಿದರು. ಐದು ರಾತ್ರಿಗೆ ನೂರಾ ಎಂಟು ಮೊಲ. ಬೋನಿನವರ ಸುದ್ದಿಯಿಲ್ಲ, ಫೆಬ್ರುವರಿ ತನಕ ಗುಡ್ಡ ಸೈಲಸ್‌ನದೇ.

ಒಲಿವ್ ಹಗ್ಗ ಹಾಕುವುದನ್ನು ಕಲಿಯಲು ಬರುತ್ತಿದ್ದಾಳೆ. ತೀರ ಬಿಗಿ ಮಾಡುತ್ತಾಳೆ, ಇವತ್ತು ಕೈಗೊಂದು ಪೆಟ್ಟು ಕೊಟ್ಟೆ. "ಥರ್ಜಕ್ಕ, ಬಿಗಿ ಮಾಡೋದನ್ನ ನಿಮ್ಮಿಂದಾನೇ ಕಲಿತೆ," ಅಂದಳು. ಸೈಲಸ್ ಚಹಾ ಕುಡಿಯುತ್ತಿದ್ದವನು ಉಸಿರುಗಟ್ಟುವ ಹಾಗೆ ನಕ್ಕ. ಇಬ್ಬರೂ ಸೇರಿ ನಗುವುದು ನನಗಿನ್ನೂ ಸರಿಬರುವುದಿಲ್ಲ. ಅವಳ ಸೂಜಿಯ 'ಟಕ್' ಸದ್ದು ಕೇಳಿದರೆ ಈಗಲೂ ಎಣಿಸತೊಡಗುತ್ತೇನೆ.

ಅವಳು ಹೋದ ಮೇಲೆ ಈ ನೋಟ್‌ಬುಕ್ ತೆಗೆದೆ. ಅವಳನ್ನು ಬೈದ ಪುಟಗಳನ್ನು ಹರಿದು ಒಲೆಗೆ ಹಾಕೋಣವೆಂದು. ಆದರೆ ಯಾವ ಪುಟ ಯಾವುದೆಂದು ಕಾಣುವುದಿಲ್ಲ, ಎಲ್ಲವೂ ಬೂದಿಬಣ್ಣ. ಸೈಲಸ್‌ಗೆ ಓದು ಎನ್ನುವಂತಿಲ್ಲ. ಒಲಿವ್ ಕೈಲಿ ಓದಿಸಿದರಂತೂ ದೇವರೇ ಗತಿ.

ಆಮೇಲೆ ಹಾಳೆಗಳ ಬೆನ್ನು ತಡವಿದೆ. ಸಿಟ್ಟಿನಲ್ಲಿ ಬರೆದ ಕಡೆ ಪೆನ್ಸಿಲ್ ಒತ್ತಿ ಒತ್ತಿ ಹಿಂದೆ ಉಬ್ಬಿದೆ. ಅಕ್ಟೋಬರ್ ಪೂರ್ತಿ ಗಂಟು ಗಂಟು. ನವೆಂಬರ್ ಹದಿನೇಳರ ತನಕ ಹಾಗೇ. ಹರಿಯಲು ಹೋದರೆ ಅರ್ಧ ನೋಟ್‌ಬುಕ್ಕೇ ಖಾಲಿಯಾಗುತ್ತದೆ, ಇರಲಿ ಬಿಡು ಎಂದು ಸುಮ್ಮನಾದೆ.

ಈಗ ಬರೆಯುತ್ತಿರುವ ಈ ಪುಟವನ್ನೂ ತಿರುಗಿಸಿ ಬೆರಳಾಡಿಸಿದೆ. ನುಣ್ಣಗಿದೆ. ಒಲಿವ್ ಎಂದು ಬರೆದ ಕಡೆ ಮಾತ್ರ ಒಂಚೂರು ಉಬ್ಬಿದೆ.